ಚೆನ್ನಾಗಿ ಊಟ ಮಾಡುವವರಿಗೂ ವಿಟಮಿನ್ ಮಾತ್ರೆ ಬೇಕಾ? ಅಮ್ಮನ ಬಿ12 ರಿಪೋರ್ಟ್ ಬಂದಿದೆ

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನಮ್ಮದು ತಿಪಟೂರು ಕಡೆ ಹಳ್ಳಿ. ಅಮ್ಮನಿಗೆ 61 ವರ್ಷ. ಹುಟ್ಟಿದಾಗಿನಿಂದ ಸಸ್ಯಾಹಾರ. ಮುದ್ದೆ, ಬಸ್ಸಾರು, ಹುರುಳಿಕಾಳು, ಹಿತ್ತಲಿನ ನುಗ್ಗೆಸೊಪ್ಪು, ಕಾಲಕ್ಕೆ ತಕ್ಕ ಹಾಗೆ ಅವರೆಕಾಳು. ಬೇಕರಿ ತಿಂಡಿ ಮುಟ್ಟುವುದಿಲ್ಲ. ಬೀದಿಯಲ್ಲಿ ಊಟದ ಮಾತು ಬಂದರೆ ಎಲ್ಲರೂ ಅಮ್ಮನನ್ನೇ ತೋರಿಸುತ್ತಾರೆ, ಹೀಗೆ ತಿನ್ನಬೇಕು ಅಂತ.

ಅಂಥವರಿಗೆ ಏಳೆಂಟು ತಿಂಗಳಿಂದ ಅಂಗಾಲು ಉರಿ. ರಾತ್ರಿ ಹರಳೆಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದರು, ನಮಗೆ ಹೇಳಿರಲಿಲ್ಲ. ಹೋದ ತಿಂಗಳು ಕೊಟ್ಟಿಗೆಯಿಂದ ಬರುವಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ದಾರಿಯಲ್ಲೇ ಬಿದ್ದಿತ್ತು. "ಅಮ್ಮ, ಚಪ್ಪಲಿ ಎಲ್ಲಿ" ಅಂದರೆ ಕೆಳಗೆ ನೋಡಿಕೊಂಡರು, ಆಮೇಲೆ ಗೊತ್ತಾಯಿತು. ಕಾಲಿಂದ ಜಾರಿದ್ದು ಅವರಿಗೆ ತಿಳಿದೇ ಇರಲಿಲ್ಲ. ಅವತ್ತು ಹೆದರಿಕೆ ಆಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಬರೀ 118 ಇದೆ. ಲ್ಯಾಬ್ ಹಾಳೆಯಲ್ಲಿ 200ರ ಮೇಲಿರಬೇಕು ಅಂತ ಹಾಕಿದ್ದಾರೆ. ಹಿಮೋಗ್ಲೋಬಿನ್ 11.6. ಡಾಕ್ಟರು ಸೂಜಿ ಬರೆದಿದ್ದಾರೆ. ಅಮ್ಮ ಮಾತ್ರ ಒಪ್ಪುತ್ತಿಲ್ಲ. "ನಾನೇನು ಉಪವಾಸ ಇದ್ದೀನಾ, ಇಷ್ಟು ಸೊಪ್ಪು ಕಾಳು ತಿನ್ನೋಳಿಗೆ ಯಾಕೆ ವಿಟಮಿನ್ ಕಮ್ಮಿ ಆಗುತ್ತೆ" ಅಂತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ಪ್ರಶ್ನೆ. ಅಮ್ಮನಿಗೇ ಹೀಗಾದರೆ ನಾನು, ಹೆಂಡತಿ, ಇಬ್ಬರು ಮಕ್ಕಳು ಎಲ್ಲರೂ ಮಲ್ಟಿವಿಟಮಿನ್ ಶುರು ಮಾಡಬೇಕಾ? ಆಫೀಸಿನಲ್ಲಿ ಒಬ್ಬರು 1,800 ರೂಪಾಯಿ ಡಬ್ಬಿ ತಗೊಳ್ಳಿ ಅಂತ ಹಿಂದೆ ಬಿದ್ದಿದ್ದಾರೆ.

ಮಲೆನಾಡ ಮಳೆ

ಡಬ್ಬಿ ತಗೋಬೇಡಿ ಅಣ್ಣ. ನಮ್ಮ ಅಜ್ಜಿ 92 ವರ್ಷ ಬದುಕಿದ್ದರು. ಒಂದೇ ಒಂದು ವಿಟಮಿನ್ ಮಾತ್ರೆ ನುಂಗಿದವರಲ್ಲ. ಗಂಜಿ, ಕೆಸುವಿನ ಸೊಪ್ಪು, ಹಲಸು, ಮಜ್ಜಿಗೆ. ಊಟ ಸರಿ ಇದ್ದರೆ ಎಲ್ಲ ಸರಿ ಇರುತ್ತೆ. ಈಗ ಟೆಸ್ಟ್ ಮಾಡಿಸಿದರೆ ಎಲ್ಲರಿಗೂ ಏನೋ ಒಂದು ಕಮ್ಮಿ ಅಂತಲೇ ಬರುತ್ತೆ. ಮಾತ್ರೆ ಮಾರುವವರಿಗೆ ಬೇಕಾದ್ದೂ ಅದೇ ಅಲ್ವಾ.

ಪಿಎಚ್‌ಸಿ ಸಿಸ್ಟರ್

ತೆಂಗಿನತೋಟ ಅವರೇ, ನಾನು ಡಾಕ್ಟರ್ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 17 ವರ್ಷದಿಂದ ನರ್ಸ್. ಮೂರು ವಿಷಯ ಹೇಳಿ. ಅಮ್ಮನಿಗೆ ಶುಗರ್ ಇದೆಯಾ, ಇದ್ದರೆ ಯಾವ ಮಾತ್ರೆ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ತಗೋತಾರಾ? ದಿನಕ್ಕೆ ಹಾಲು, ಮೊಸರು ಎಷ್ಟು ಅವರ ಹೊಟ್ಟೆಗೆ ಹೋಗುತ್ತೆ? ಮನೆಯಲ್ಲಿ ಎಷ್ಟು ಕರೆಯುತ್ತೆ ಅಂತ ಅಲ್ಲ, ಅಮ್ಮ ಕುಡಿಯೋದು ಎಷ್ಟು ಅಂತ.

ತೆಂಗಿನತೋಟ

ಸಿಸ್ಟರ್, ಶುಗರ್ ಇದೆ. ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್. ಗ್ಯಾಸ್ ಮಾತ್ರೆಯೂ ಇದೆ, ಪ್ಯಾಂಟೊಪ್ರಜೋಲ್, ಎರಡು ವರ್ಷದ ಹಿಂದೆ ಯಾವಾಗಲೋ ಬರೆದುಕೊಟ್ಟಿದ್ದು. ಹಾಗೇ ಮುಂದುವರಿದಿದೆ.

ಹಾಲಿನ ವಿಷಯಕ್ಕೆ ನೀವು ಕೇಳಿದ್ದೇ ಒಳ್ಳೆಯದಾಯಿತು. ಎರಡು ಹಸು ಇವೆ, ಆದರೆ ಹಾಲೆಲ್ಲ ಡೈರಿಗೆ ಹೋಗುತ್ತೆ. ಮನೆಗೆ ಅಂತ ಒಂದು ಲೀಟರ್ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಮಕ್ಕಳಿಗೆ ಎರಡು ಲೋಟ, ಅಪ್ಪನಿಗೆ ರಾತ್ರಿ ಒಂದು ಲೋಟ, ಉಳಿದದ್ದು ಕಾಫಿಗೆ ಮತ್ತು ಹೆಪ್ಪಿಗೆ. ಅಮ್ಮ ಎರಡು ಹೊತ್ತು ಕಾಫಿ ಕುಡಿಯುತ್ತಾರೆ, ಅದಕ್ಕೆ ಹಾಲು ತೋರಿಸಿದ ಹಾಗೆ ಅಷ್ಟೇ. ಮಧ್ಯಾಹ್ನ ನೀರು ಮಜ್ಜಿಗೆ. ಇದನ್ನು ಬರೆಯುತ್ತಾ ನನಗೇ ಹೊಟ್ಟೆ ಉರೀತಿದೆ.

ಪಿಎಚ್‌ಸಿ ಸಿಸ್ಟರ್

ನಿಮ್ಮ ಮನೆ ಒಂದೇ ಅಲ್ಲ, ನಾನು ಹೋಗುವ ಹಳ್ಳಿಗಳಲ್ಲಿ ಹತ್ತು ಮನೆಯಲ್ಲಿ ಎಂಟು ಹೀಗೇ. ಹಾಲು ಹಿಂಡುವವರೇ ಹಾಲು ಕುಡಿಯಲ್ಲ.

ಅಮ್ಮನಿಗೆ ಹೀಗೆ ಹೇಳಿ. ಬಿ12 ಯಾವ ಸೊಪ್ಪಲ್ಲೂ ಇಲ್ಲ, ಯಾವ ಕಾಳಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಗಿಡಗಳಿಗೆ ಅದನ್ನು ಮಾಡುವುದಕ್ಕೇ ಬರಲ್ಲ. ಅದನ್ನು ಮಾಡುವುದು ಬ್ಯಾಕ್ಟೀರಿಯಾ. ಹಸುವಿನ ಹೊಟ್ಟೆಯೊಳಗೆ ತಯಾರಾಗಿ ಹಾಲಿಗೆ ಬರುತ್ತೆ. ಹಾಗಾಗಿ ಸಸ್ಯಾಹಾರಿಗಳಿಗೆ ದಾರಿ ಅಂತ ಇರೋದು ಹಾಲು, ಮೊಸರು, ಪನೀರ್ ಅಷ್ಟೇ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ ಸಿಗುತ್ತೆ.

ಲೆಕ್ಕ ಹಾಕೋಣ. ದೊಡ್ಡವರಿಗೆ ದಿನಕ್ಕೆ 2ರಿಂದ 2.5 ಮೈಕ್ರೋಗ್ರಾಂ ಬೇಕು. ಹಸುವಿನ ಹಾಲು 100 ಮಿಲಿಯಲ್ಲಿ ಸುಮಾರು 0.4 ಇರುತ್ತೆ. ನಿಮ್ಮ ಅಮ್ಮನ ಎರಡು ಕಾಫಿ ಸೇರಿ 80 ಮಿಲಿ ಹಾಲು, ನೀರು ಮಜ್ಜಿಗೆಯಲ್ಲಿ ಅರ್ಧ ಸೌಟು ಮೊಸರು. ಎಷ್ಟು ಕೂಡಿದರೂ ಮುಕ್ಕಾಲು ಮೈಕ್ರೋಗ್ರಾಂ ದಾಟಲ್ಲ. ಅದೂ ಹೊಟ್ಟೆಗೆ ಹೋದದ್ದು, ಮೈಗೆ ಸೇರಿದ್ದಲ್ಲ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ಕಡಿಮೆ ಮಾಡುತ್ತೆ. ಆಮೇಲೆ ಹೊಟ್ಟೆಯಲ್ಲೇ ಹುಟ್ಟುವ ಒಂದು ಪ್ರೋಟೀನ್ ಅದನ್ನು ಸಣ್ಣ ಕರುಳಿನ ಕೊನೆಯವರೆಗೂ ಕರೆದುಕೊಂಡು ಹೋಗಬೇಕು, ಅಲ್ಲಿ ಹೀರಿಕೊಳ್ಳುವ ಕೆಲಸಕ್ಕೆ ಮೆಟ್‌ಫಾರ್ಮಿನ್ ಅಡ್ಡ ಬರುತ್ತೆ. ವರ್ಷಗಟ್ಟಲೆ ತಗೊಂಡವರಲ್ಲಿ ಇದು ಚೆನ್ನಾಗಿ ಗೊತ್ತಿರುವ ವಿಷಯ. ವಯಸ್ಸಾದ ಮೇಲೆ ಹೊಟ್ಟೆಯ ಆಮ್ಲವೂ ತಾನಾಗಿ ಕಡಿಮೆ ಆಗಬಹುದು. ಅಮ್ಮನ ಊಟದಲ್ಲಿ ತಪ್ಪಿಲ್ಲ. ಆ ಒಂದು ವಸ್ತು ಮಾತ್ರ ಅದರಲ್ಲಿ ಇಲ್ಲ.

ಎರಡು ಎಚ್ಚರಿಕೆ. ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ, ಶುಗರ್ ಏರಿದರೆ ಅದೂ ಕಾಲಿನ ನರಕ್ಕೇ ಹೊಡೆತ. ಮುಂದಿನ ಸಲ ಹೋದಾಗ ಮೆಟ್‌ಫಾರ್ಮಿನ್, ಗ್ಯಾಸ್ ಮಾತ್ರೆ ಎರಡರ ಸ್ಟ್ರಿಪ್ಪೂ ತಗೊಂಡು ಹೋಗಿ ತೋರಿಸಿ, ಗ್ಯಾಸ್ ಮಾತ್ರೆ ಇನ್ನೂ ಬೇಕಾ ಕೇಳಿ. ಎರಡನೆಯದು, ಸೂಜಿ ಬದಲು ಯಾವುದೋ ಮಲ್ಟಿವಿಟಮಿನ್ ಕೊಟ್ಟು ಸುಮ್ನಾಗಬೇಡಿ. ಅದರಲ್ಲಿ ಫೋಲಿಕ್ ಆಸಿಡ್ ಅನ್ನುವ ಇನ್ನೊಂದು ಬಿ ವಿಟಮಿನ್ ಇರುತ್ತೆ. ಫೋಲಿಕ್ ಆಸಿಡ್ ರಕ್ತವನ್ನು ಸರಿ ಮಾಡಿ ತೋರಿಸುತ್ತೆ, ಒಳಗೆ ನರ ಹಾಳಾಗುವುದು ನಿಲ್ಲಲ್ಲ.

ಮಲೆನಾಡ ಮಳೆ

ಸಿಸ್ಟರ್, ನೀವು ಹೇಳಿದ ಮೇಲೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಜ್ಜಿ ರಾತ್ರಿ ಮಲಗುವ ಮುಂಚೆ ಒಂದು ದೊಡ್ಡ ಲೋಟ ಹಾಲು ತಪ್ಪಿಸುತ್ತಿರಲಿಲ್ಲವಂತೆ. ಮನೆಯಲ್ಲಿ ಆಗ ಐದು ಎಮ್ಮೆ, ಡೈರಿ ಇರಲಿಲ್ಲ, ಹಾಲು ಮಾರುವ ಮಾತೇ ಇರಲಿಲ್ಲ. ಹಾಗಾಗಿ ನನ್ನ ಅಜ್ಜಿಯ ಉದಾಹರಣೆ ಇವರ ಅಮ್ಮನಿಗೆ ಹೊಂದಲ್ಲ ಅನ್ಸುತ್ತೆ.

ಆದರೆ ಇನ್ನೊಂದು ವಿಷಯ ಮನಸ್ಸಿಗೆ ಬಂತು. ದೊಡ್ಡಜ್ಜಿ ಒಬ್ಬರಿದ್ದರು, ಅಜ್ಜಿಯ ಅಕ್ಕ, ಬಾಲ್ಯದಲ್ಲೇ ವಿಧವೆ. ಒಪ್ಪತ್ತು ಊಟ, ಹಾಲು ಮೊಸರು ಬಿಟ್ಟಿದ್ದರು. ಕೊನೆ ಕೊನೆಗೆ ನಾಲಿಗೆ ಕೆಂಪಾಗಿ ಖಾರ ಮುಟ್ಟಲು ಆಗುತ್ತಿರಲಿಲ್ಲ, ಗೋಡೆ ಹಿಡಿದು ನಡೆಯುತ್ತಿದ್ದರು, ಮಾತು ಮರೆಯುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಅಂತ ಎಲ್ಲರೂ ಅಂದುಕೊಂಡೆವು. ಅದೂ ಇದೇ ಇರಬಹುದಾ?

ಪಿಎಚ್‌ಸಿ ಸಿಸ್ಟರ್

ಈಗ ಯಾರೂ ಖಚಿತವಾಗಿ ಹೇಳಲು ಆಗಲ್ಲ. ಆದರೆ ನೀವು ಹೇಳಿದ ಮೂರೂ ಬಿ12 ಕೊರತೆಯ ಲಕ್ಷಣಗಳೇ. ಅದಕ್ಕೇ ನಾವು ವಯಸ್ಸಾದವರು ಮರೆಯುತ್ತಾರೆ ಅಂದರೆ ಮೊದಲು ಈ ಟೆಸ್ಟ್ ಬರೆಸಿ ಅಂತ ಹೇಳೋದು. ಇದು ಬೇಗ ಸಿಕ್ಕರೆ ಸರಿಪಡಿಸಬಹುದಾದ ಮರೆವು.

ಪೇಟೆಬೀದಿ ಮೆಡಿಕಲ್ಸ್

ನಾನು ಔಷಧಿ ಅಂಗಡಿ ಇಟ್ಟಿದ್ದೇನೆ. ಮಾತ್ರೆ ಮಾರುವವನಾಗಿಯೇ ಹೇಳುತ್ತೇನೆ, ಆ 1,800 ರೂಪಾಯಿ ಡಬ್ಬಿ ಬೇಡ.

ಜನ ಬಂದು "ಶಕ್ತಿ ಮಾತ್ರೆ ಕೊಡಿ" ಅಂತಾರೆ. ಬಿ ಕಾಂಪ್ಲೆಕ್ಸ್ ತಗೊಂಡು ಹೋಗಿ ಬಿ12 ತಗೊಂಡೆ ಅಂದುಕೊಳ್ಳುತ್ತಾರೆ. ಸ್ಟ್ರಿಪ್ಪಿನ ಹಿಂದೆ ಓದಿ. ಕೆಲವದರಲ್ಲಿ ಬಿ12 ಇರೋದೇ ಇಲ್ಲ, ಕೆಲವದರಲ್ಲಿ ಕೊರತೆ ಇರುವವರಿಗೆ ಸಾಲದಷ್ಟು ಇರುತ್ತೆ. ಬಿ12 ಮಾತ್ರೆ ಬೇರೆಯೇ ಬರುತ್ತೆ, 500, 1000, 1500 ಮೈಕ್ರೋಗ್ರಾಂ. ದಿನಕ್ಕೆ ಎರಡೇ ಸಾಕು ಅಂದಮೇಲೆ ಸಾವಿರ ಯಾಕೆ ಅಂತ ಕೇಳುತ್ತಾರೆ. ಸಿಸ್ಟರ್ ಹೇಳಿದ ಆ ಪ್ರೋಟೀನ್ ಒಂದು ಸಲಕ್ಕೆ ಒಂದೂವರೆ, ಎರಡು ಮೈಕ್ರೋಗ್ರಾಂ ಮಾತ್ರ ಸಾಗಿಸುತ್ತೆ. ಉಳಿದದ್ದರಲ್ಲಿ ನೂರಕ್ಕೆ ಒಂದು ಭಾಗ ತಾನಾಗಿ ನುಸುಳಿ ಒಳಗೆ ಹೋಗುತ್ತೆ. ಸಾವಿರ ಕೊಟ್ಟರೆ ಹತ್ತು ಒಳಗೆ ಹೋಯಿತು ಅಂತ ಲೆಕ್ಕ.

ನನಗೆ ನಿಜವಾಗಿ ಭಯ ಇರೋದು ವಿಟಮಿನ್ ಡಿ ಬಗ್ಗೆ. 60,000 ಯೂನಿಟ್ಟಿನ ಕ್ಯಾಪ್ಸೂಲ್, ಸ್ಯಾಶೆ ಇದೆಯಲ್ಲ, ಅದು ವಾರಕ್ಕೆ ಒಂದು, ಡಾಕ್ಟರು ಹೇಳಿದಷ್ಟು ವಾರ ಮಾತ್ರ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಹಿರಿಯರೊಬ್ಬರು ಬೇರೆ ಎಲ್ಲೋ ತಗೊಂಡು ದಿನಕ್ಕೊಂದರ ಹಾಗೆ ಒಂದೂವರೆ ತಿಂಗಳು ನುಂಗಿದ್ದರು. ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ಬಾಯಾರಿಕೆ, ಕೊನೆಗೆ ತಲೆ ತಿರುಗಿ ಬಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ ಆಗಿತ್ತು. ಬಿ12 ಜಾಸ್ತಿ ಆದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತೆ. ಡಿ ಹಾಗಲ್ಲ, ಕೊಬ್ಬಲ್ಲಿ ಉಳಿದುಕೊಂಡುಬಿಡುತ್ತೆ. ಅವತ್ತಿನಿಂದ ನಾನು ಪ್ರತಿ ಸ್ಟ್ರಿಪ್ಪಿನ ಮೇಲೂ ಪೆನ್ನಿನಲ್ಲಿ "ಭಾನುವಾರ ಮಾತ್ರ" ಅಂತ ಬರೆದು ಕೊಡುತ್ತೇನೆ.

ಅಬರ್ಡೀನ್ ಕನ್ನಡತಿ

ಡಿ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸ್ಕಾಟ್ಲೆಂಡಿನಲ್ಲಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲೆ. ಬಿಸಿಲು ಇದ್ದರೂ ಚರ್ಮದಲ್ಲಿ ಡಿ ಆಗುವಂಥ ಕಿರಣ ಅದರಲ್ಲಿ ಇರಲ್ಲ. ಅದಕ್ಕೆ ಇಲ್ಲಿನ ಸರ್ಕಾರವೇ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ತಗೊಳ್ಳುವುದನ್ನು ಯೋಚಿಸಿ ಅನ್ನುತ್ತೆ. ನಮ್ಮಂಥ ಕಪ್ಪು ಚರ್ಮದವರಿಗೆ ವರ್ಷ ಪೂರ್ತಿ. ಎಷ್ಟು ಚೆನ್ನಾಗಿ ತಿಂದರೂ ಇದು ಊಟದಿಂದ ತುಂಬುವುದಿಲ್ಲ, ಯಾಕೆಂದರೆ ಡಿ ಮುಖ್ಯವಾಗಿ ಬರುವುದು ಬಿಸಿಲಿನಿಂದ. 400 ಯೂನಿಟ್ ಎಲ್ಲಿ, 60,000 ಎಲ್ಲಿ. ಬೆಂಗಳೂರಿಗೆ ಬಂದಾಗೆಲ್ಲ ನೆಂಟರು ಆ ಸ್ಯಾಶೆಯನ್ನು ಹಾಲಿಗೆ ಹಾಕಿ ಬೂಸ್ಟ್ ಥರ ಕುಡಿಯುವುದನ್ನು ನೋಡಿ ಗಾಬರಿ ಆಗುತ್ತೆ.

ಬೆಂಗಳೂರಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಬೆಳಿಗ್ಗೆ ಆರಕ್ಕೆ ವಾಕಿಂಗ್ ಮುಗಿಸಿ, ಹಗಲೆಲ್ಲ ಆಫೀಸಿನ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ. ಆ ಕಿರಣ ಗಾಜು ದಾಟಲ್ಲ. ಹತ್ತು ಗಂಟೆಯಿಂದ ಮೂರರ ಒಳಗಿನ ಬಿಸಿಲಿಗೆ ಕೈಕಾಲು ಒಡ್ಡಬೇಕು.

ಉಳ್ಳಾಲ ಕಡಲು

ನಮ್ಮ ಮನೆಯಲ್ಲಿ ಎರಡು ದಿನಕ್ಕೊಮ್ಮೆ ಬೂತಾಯಿ, ಬಂಗುಡೆ ಮೀನು. ನಮಗೂ ಬಿ12 ಬೇಕಾ?

ಪಿಎಚ್‌ಸಿ ಸಿಸ್ಟರ್

ಬೇಡ. ನೂರು ಗ್ರಾಂ ಬೂತಾಯಿಯಲ್ಲಿ ದಿನದ ಅಗತ್ಯದ ಹಲವು ಪಟ್ಟು ಬಿ12 ಇರುತ್ತೆ. ಶುಗರ್ ಮಾತ್ರೆ ಹಳೆಯದಾಗಿದ್ದರೆ ಅಥವಾ ಹೊಟ್ಟೆಯ ಆಪರೇಷನ್ ಆಗಿದ್ದರೆ ಮಾತ್ರ ಟೆಸ್ಟ್ ಮಾಡಿಸಿ.

ಹಾಸ್ಟೆಲ್ ಹುಡುಗಿ

ನನ್ನ ಕಥೆ ಕಬ್ಬಿಣದ್ದು. ಕಲಬುರಗಿಯವಳು, ಧಾರವಾಡದಲ್ಲಿ ಎಂಎಸ್‌ಸಿ. ಹಾಸ್ಟೆಲ್ಲಿನಲ್ಲೂ ನಾನು ಊಟದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಮೊಳಕೆ ಕಾಳು, ಶೇಂಗಾ ಹಿಂಡಿ. ಆದರೂ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹಿಮೋಗ್ಲೋಬಿನ್ 8.9 ಬಂತು. ತಿಂಗಳ ರಕ್ತಸ್ರಾವ ನನಗೆ ಮೊದಲಿಂದಲೂ ಜಾಸ್ತಿ, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಊಟ ಆದ ಕೂಡಲೇ ಚಹಾ ಕುಡೀತೀಯಾ ಅಂತ. ನಾನು ರೊಟ್ಟಿ ತಿನ್ನುತ್ತಲೇ ಚಹಾ ಕುಡಿಯುವವಳು. ಚಹಾದಲ್ಲಿರುವ ಒಗರು ಅಂಶ ಧಾನ್ಯ, ಸೊಪ್ಪಿನ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದ ಹಾಗೆ ಮಾಡುತ್ತಂತೆ. ಈಗ ಚಹಾ ಊಟಕ್ಕೂ ಅದಕ್ಕೂ ಎರಡು ತಾಸು ಬಿಟ್ಟು. ಕಬ್ಬಿಣ ಮೈಗೆ ಸೇರಲಿ ಅಂತ ಪಲ್ಲೆ ಮೇಲೆ ನಿಂಬೆಹಣ್ಣು ಹಿಂಡುತ್ತೇನೆ. ಅಷ್ಟಾದರೂ ಊಟ ಒಂದರಿಂದಲೇ 8.9ನ್ನು ಮೇಲೆ ತರಲು ಬಹಳ ತಡವಾಗುತ್ತೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳಲ್ಲಿ 11.9ಕ್ಕೆ ಬಂದೆ. ಮಲ ಕಪ್ಪಾಗುತ್ತೆ, ಹೆದರಬೇಡಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಇವರೆಲ್ಲ ಊಟ ಸರಿ ಮಾಡದವರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ತಿಂಗಳು ತಿಂಗಳು ರಕ್ತ ಹೋಗುವ ಮೈಯ ಲೆಕ್ಕ ಬೇರೆ.

ದಾವಣಗೆರೆ ಬೆಣ್ಣೆ

ರೇಷನ್ ಅಕ್ಕಿಯಲ್ಲಿ ವಿಟಮಿನ್ ಹಾಕುತ್ತಾರಂತೆ ನಿಜಾನಾ? ನಮ್ಮತ್ತೆ ಅಕ್ಕಿ ತೊಳೆಯುವಾಗ ತೇಲುವ ಕಾಳನ್ನೆಲ್ಲ ಪ್ಲಾಸ್ಟಿಕ್ ಅಂತ ಆರಿಸಿ ಚೆಲ್ಲುತ್ತಾರೆ.

ಪೇಟೆಬೀದಿ ಮೆಡಿಕಲ್ಸ್

ದಯವಿಟ್ಟು ಚೆಲ್ಲಬೇಡಿ ಅಂತ ಹೇಳಿ ಅಕ್ಕ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಕಲಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿರುತ್ತಾರೆ. ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸುತ್ತಾರೆ. ಸ್ವಲ್ಪ ಹಗುರ, ಬಣ್ಣವೂ ಸ್ವಲ್ಪ ಬೇರೆ, ಅದಕ್ಕೆ ಎದ್ದು ಕಾಣುತ್ತೆ. ಒಂದು ಕಿಲೋ ಅಕ್ಕಿಯಲ್ಲಿ ಕಬ್ಬಿಣ 28ರಿಂದ 42.5 ಮಿಲಿಗ್ರಾಂ, ಬಿ12 ಸುಮಾರು 1 ಮೈಕ್ರೋಗ್ರಾಂ. ಬಿ12 ಕೊರತೆ ಆದವರಿಗೆ ಇದು ಸಾಲಲ್ಲ, ಆದರೆ ಸೇರಬೇಕಾದ್ದು ಸೇರಲಿ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಬೇಕು.

ಉಪ್ಪಿಗೆ ಅಯೋಡಿನ್ ಹಾಕಿದ್ದೂ ಇಂಥದ್ದೇ. ಎಷ್ಟೋ ವರ್ಷದಿಂದ ನಾವೆಲ್ಲ ದಿನಾ ತಿನ್ನುತ್ತಿದ್ದೇವೆ, ಅದನ್ನು ಯಾರೂ ಮಾತ್ರೆ ಅಂದುಕೊಂಡಿಲ್ಲ. ಈಗ ಆರೋಗ್ಯಕ್ಕೆ ಒಳ್ಳೆಯದು ಅಂತ ಪೂರ್ತಿ ಸೈಂಧವ ಲವಣಕ್ಕೆ ಬದಲಾಯಿಸಿದವರು ಅದನ್ನೂ ಕಳೆದುಕೊಳ್ಳುತ್ತಿದ್ದಾರೆ.

ವಿಜ್ಞಾನದ ಮೇಷ್ಟ್ರು

ಸಿಸ್ಟರ್ ಫೋಲಿಕ್ ಆಸಿಡ್ ಬಗ್ಗೆ ಹೇಳಿದ ಎಚ್ಚರಿಕೆಗೆ ನಮ್ಮ ದೇಶದ್ದೇ ಹಿನ್ನೆಲೆ ಇದೆ. ಮಕ್ಕಳಿಗೆ ನಾನು ಪ್ರತಿ ವರ್ಷ ಹೇಳುವ ಕಥೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಬಟ್ಟೆ ಗಿರಣಿಗಳ ಬಡ ಬಸುರಿಯರಿಗೆ ಬರುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕಲು. ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಅಂತ 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ವಸ್ತುವೇ ಮುಂದೆ ಫೋಲಿಕ್ ಆಸಿಡ್ ಅಂತ ಗೊತ್ತಾಯಿತು. 1945ರಲ್ಲಿ ಅದನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ನಡೆಸಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆದರೆ ಬಿ12 ಕೊರತೆಯ ರೋಗಿಗಳಿಗೆ ಇದನ್ನು ಕೊಟ್ಟಾಗ ರಕ್ತ ಸುಧಾರಿಸಿತು, ಕೈಕಾಲಿನ ನರಗಳು ಮಾತ್ರ ಕೆಡುತ್ತಲೇ ಹೋದವು. 1948ರಲ್ಲಿ ಬಿ12 ಬೇರ್ಪಡಿಸಿದ ಮೇಲೆ ಅದನ್ನೇ ನೇರವಾಗಿ ಕೊಡಲು ಸಾಧ್ಯವಾಯಿತು.

ಹಾಗಂತ ಫೋಲಿಕ್ ಆಸಿಡ್ ಕೆಟ್ಟದ್ದಲ್ಲ. ಮಗು ಬೇಕು ಅಂದುಕೊಂಡ ಹೆಣ್ಣುಮಕ್ಕಳು ಎಷ್ಟೇ ಸೊಪ್ಪು ತಿಂದರೂ ಬಸುರಿ ಆಗುವ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತಗೊಳ್ಳಬೇಕು. ಮಗುವಿನ ಬೆನ್ನುಹುರಿಯ ದೋಷ ತಪ್ಪಿಸಲು. ಫೋಲಿಕ್ ಆಸಿಡ್ ಈ ದೋಷ ತಡೆಯುತ್ತೆ ಅಂತ 1991ರ ಬ್ರಿಟಿಷ್ ಪರೀಕ್ಷೆಯಲ್ಲಿ ಸಾಬೀತಾಗಿದೆ.

ಕೊರತೆ ಇಲ್ಲದವರಿಗೆ ಇಂಥ ಮಾತ್ರೆಗಳು ಏನು ಕೊಡುತ್ತವೆ? ಅಮೆರಿಕದಲ್ಲಿ 25,871 ಜನರಿಗೆ ಐದು ವರ್ಷದಷ್ಟು ಕಾಲ ವಿಟಮಿನ್ ಡಿ, ಮೀನೆಣ್ಣೆ ಕೊಟ್ಟು ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಬರುವುದೂ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳೂ ಒಟ್ಟಿನಲ್ಲಿ ಕಡಿಮೆಯಾಗಲಿಲ್ಲ. ಅದಕ್ಕಿಂತ ಗಂಭೀರವಾದದ್ದು ಫಿನ್ಲೆಂಡಿನ ಪರೀಕ್ಷೆ. 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರು. ಕ್ಯಾರೆಟ್ಟಿನ ಬಣ್ಣದ ಬೀಟಾ ಕ್ಯಾರೊಟೀನ್ ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತೆ ಅಂತ ಕೊಟ್ಟರು. 1994ರಲ್ಲಿ ನೋಡಿದರೆ ಮಾತ್ರೆ ತಗೊಂಡವರಲ್ಲಿ ಆ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಆಗಿತ್ತು. ಕ್ಯಾರೆಟ್ ತಿಂದರೆ ಹಾಗಾಗಲ್ಲ. ಹಾಗಾಗಿ ಮಾತ್ರೆ ತಗೊಂಡರೆ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೂದಲುದುರುವವಳು

ನಾನೂ ಒಂದು ಹೇಳ್ತೀನಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದೆ. ಥೈರಾಯ್ಡ್ ರಿಪೋರ್ಟ್ ಪೂರ್ತಿ ತಪ್ಪು ಬಂತು. ಮಾತ್ರೆ ನಿಲ್ಲಿಸಿ ಒಂದು ವಾರ ಬಿಟ್ಟು ಮಾಡಿಸಿದಾಗ ಸರಿ ಬಂತು. ಜಾಸ್ತಿ ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತೆ. ಟೆಸ್ಟಿಗೆ ಹೋಗುವಾಗ ಏನೇನು ನುಂಗುತ್ತಿದ್ದೀರಿ ಅಂತ ಹೇಳಿ.

ಸಾವಯವ ಸಂತೆ

ಸ್ಪಿರುಲಿನಾ ಅನ್ನುವ ಪಾಚಿ ಪುಡಿಯಲ್ಲಿ ಬಿ12 ಇದೆಯಲ್ಲ? ಇಡ್ಲಿ ಹಿಟ್ಟು ಹುಳಿ ಬಂದರೂ ಬಿ12 ಆಗುತ್ತೆ ಅಂತ ಓದಿದ್ದೆ. ನಾನು ಹಾಲೂ ಬಿಟ್ಟು ಮೂರು ವರ್ಷ ಆಯಿತು.

ವಿಜ್ಞಾನದ ಮೇಷ್ಟ್ರು

ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಿನದು ಬಿ12 ಥರ ಕಾಣುವ ಬೇರೆ ರೂಪ, ನಮ್ಮ ಮೈಗೆ ಕೆಲಸಕ್ಕೆ ಬರಲ್ಲ. ಇಡ್ಲಿಯನ್ನು ನಂಬಿಕೊಂಡು ಕೂರಲು ಆಗಲ್ಲ. ಹಾಲು ಬಿಟ್ಟವರಿಗೆ ಬಿ12 ಮಾತ್ರೆ ಕಡ್ಡಾಯ. ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಕೆಲವು ವರ್ಷದ ಬಿ12 ದಾಸ್ತಾನು ಇರುತ್ತೆ, ಅದಕ್ಕೆ ಮೊದಲೆರಡು ಮೂರು ವರ್ಷ ಏನೂ ಗೊತ್ತಾಗಲ್ಲ. ನಿಮ್ಮದು ಮೂರು ವರ್ಷ ಅಂದಿರಿ. ಈ ವಾರವೇ ಟೆಸ್ಟ್ ಮಾಡಿಸಿ.

ತೆಂಗಿನತೋಟ

ಎಲ್ಲರಿಗೂ ಧನ್ಯವಾದ. ಐದು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಅಮ್ಮನಿಗೆ ಸೂಜಿ ನಡೆಯುತ್ತಿದೆ, ಆಮೇಲೆ ಮಾತ್ರೆಗೆ ಬದಲಾಯಿಸುತ್ತಾರಂತೆ. ಗ್ಯಾಸ್ ಮಾತ್ರೆ ಬೇಡ ಅಂದರು ಡಾಕ್ಟರು. ಮೆಟ್‌ಫಾರ್ಮಿನ್ ಮುಂದುವರಿದಿದೆ. ಉರಿ ಕಡಿಮೆ ಆಗಿದೆ, ಹರಳೆಣ್ಣೆ ಬಟ್ಟಲು ಮಂಚದ ಕೆಳಗಿನಿಂದ ಅಡುಗೆಮನೆಗೆ ಹೋಗಿದೆ. ಅಂಗಾಲಿನ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ. ಹಿಂದೆ ಬೆಲ್ಟ್ ಇರುವ ಚಪ್ಪಲಿ ತಂದುಕೊಟ್ಟಿದ್ದೇನೆ.

ಡಬ್ಬಿ ತಗೊಳ್ಳಲಿಲ್ಲ. ನಾವು ನಾಲ್ವರೂ ಟೆಸ್ಟ್ ಮಾಡಿಸಿದೆವು. ಮಕ್ಕಳದು, ನನ್ನದು ಸರಿ ಇದೆ. ಹೆಂಡತಿಯದು ಬಿ12 186, ಹಿಮೋಗ್ಲೋಬಿನ್ 10.4. ಅವಳು ಕೂಡ ಉಳಿದ ಹಾಲಿನ ಕಾಫಿ ಕುಡಿಯುವವಳೇ, ಊಟದ ಜೊತೆಗೇ. ಅವಳಿಗೆ ಎರಡಕ್ಕೂ ಬೇರೆ ಬೇರೆ ಮಾತ್ರೆ ಬರೆದಿದ್ದಾರೆ. ಈಗ ಡೈರಿ ಕ್ಯಾನಿಗೆ ಹಾಲು ಸುರಿಯುವ ಮುಂಚೆ ಎರಡು ದೊಡ್ಡ ಲೋಟ ನಾನೇ ತೆಗೆದು ಪಕ್ಕಕ್ಕೆ ಇಡುತ್ತೇನೆ. ಅಮ್ಮ ಮೊದಲ ವಾರ ಅದನ್ನು ಮೊಮ್ಮಕ್ಕಳಿಗೆ ದಾಟಿಸಿಬಿಡುತ್ತಿದ್ದರು. ಈಗ ನಾನು ಎದುರಿಗೇ ನಿಲ್ಲುತ್ತೇನೆ.

ಸಿಸ್ಟರ್, ಆ ಸ್ಪರ್ಶ ಪೂರ್ತಿ ವಾಪಸ್ ಬರುತ್ತಾ?

ಪಿಎಚ್‌ಸಿ ಸಿಸ್ಟರ್

ನರ ನಿಧಾನ. ಆರು ತಿಂಗಳಿಂದ ಒಂದು ವರ್ಷ ಬೇಕಾಗಬಹುದು. ಬಹಳ ದಿನದ್ದಾದರೆ ಸ್ವಲ್ಪ ಹಾಗೇ ಉಳಿಯಲೂಬಹುದು. ಸೂಜಿಯ ತಾರೀಖು ತಪ್ಪಿಸಬೇಡಿ. ಶುಗರ್ ಇರುವುದರಿಂದ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಅಂಗಾಲು ನೋಡಿ, ಗಾಯ, ಮುಳ್ಳು ಏನಾದರೂ ಇದೆಯಾ ಅಂತ. ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ, ಹೆಂಡತಿಯವರನ್ನೂ ಕರೆದುಕೊಂಡು ಹೋಗಿ.